ಕ್ರಿಸ್‌ಮಸ್ ದಿನಗಳಲ್ಲಿ ನಮ್ಮ ಪಡಸಾಲೆ

ಡಿಸೆಂಬರ್ ಬಂತೆಂದರೆ ನಾನು ಹಟ ಹಿಡಿಯುವುದು ಒಂದೇ ವಿಷಯಕ್ಕೆ. ಪಡಸಾಲೆ ಖಾಲಿ ಇರಬೇಕು. ಅಡುಗೆಮನೆ ತುಂಬಿರಲಿ, ಮಲಗುವ ಕೋಣೆಯಲ್ಲಿ ಹಾಸಿಗೆ ಒಟ್ಟಿರಲಿ, ಪಡಸಾಲೆಯ ನೆಲ ಮಾತ್ರ ಕಾಣಬೇಕು. ಹಬ್ಬ ನಡೆಯುವುದೇ ಅಲ್ಲಿ. ರಾತ್ರಿ ಕ್ಯಾರೋಲ್ ಹಾಡುವವರು ಬರುತ್ತಾರೆ. ಗಿಟಾರು, ಡೋಲಕು, ನಿದ್ದೆಗಣ್ಣಿನ ಸಣ್ಣ ಮಕ್ಕಳು, ಸಾಂತಾ ವೇಷದ ಹುಡುಗ ಎಲ್ಲರೂ ಒಳಗೆ ಬಂದು, ಹಾಡಿ, ಪ್ರಾರ್ಥನೆ ಮಾಡಿ ಹೋಗಬೇಕು. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ನಾವಿರುವುದು ಹುಬ್ಬಳ್ಳಿಯ ಕೇಶ್ವಾಪುರದ ಕಡೆ, ಮನೆ ಚಿಕ್ಕದು. ನನ್ನ ತವರು ಗದಗಿಗೆ ಅಂಟಿಕೊಂಡಿರುವ ಬೆಟಗೇರಿ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ 1841ರಲ್ಲೇ ಅಲ್ಲಿ ನೆಲೆಯೂರಿತ್ತು. ಅಷ್ಟು ಹಳೆಯ ಸಭೆ, ಅಲ್ಲಿ ಯಾರನ್ನು ಕೇಳಿದರೂ ಏನಾದರೊಂದು ಸಂಬಂಧ ಸಿಕ್ಕೇ ಸಿಗುತ್ತದೆ. ಗದಗಿನಿಂದ ರೈಲು ಹತ್ತಿದರೆ ಹುಬ್ಬಳ್ಳಿ ಎಷ್ಟು ದೂರ? ಹಾಗಾಗಿ ಹಬ್ಬಕ್ಕೆ ಬರುವ ಬಳಗ ದೊಡ್ಡದು. ಬಂದವರ ಜೊತೆ ಚೀಲಗಳೂ ಬರುತ್ತವೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಡಿಸೆಂಬರ್‌ನಲ್ಲಿ ಕಪಾಟು ಬಿಚ್ಚಬೇಡಿ. ಹಬ್ಬ ಬಂತು, ಮನೆ ಪೂರ್ತಿ ಸ್ವಚ್ಛ ಮಾಡಬೇಕು ಎಂದು ಅಟ್ಟ, ಕಪಾಟು ಎಲ್ಲ ಒಟ್ಟಿಗೆ ತೆಗೆದರೆ, ಒಳಗಿದ್ದದ್ದು ಹೊರಗೆ ಬಂದು ಅಲ್ಲೇ ಕೂರುತ್ತದೆ. ಅಷ್ಟರಲ್ಲಿ ಹಿಟ್ಟು ಹುರಿಯುವ ಹೊತ್ತು ಬಂದಿರುತ್ತದೆ. ಆ ಕೆಲಸ ನಾನು ದೀಪಾವಳಿ ಸಮಯದಲ್ಲೇ ಮುಗಿಸುತ್ತೇನೆ. ಓಣಿಯವರೆಲ್ಲ ಮನೆ ಸ್ವಚ್ಛ ಮಾಡುವ ಹೊತ್ತು ಅದು, ರದ್ದಿಯವನೂ ದಿನಾ ಓಣಿಗೆ ಬರುತ್ತಾನೆ. ಡಿಸೆಂಬರ್‌ನಲ್ಲಿ ಕಪಾಟಿನ ಬಾಗಿಲು ಮುಚ್ಚಿಯೇ ಇರುತ್ತದೆ.

ಅಡುಗೆಮನೆಯ ಗದ್ದಲ ತಗ್ಗಿಸಿದ್ದು ತಿಂಡಿ ಮಾಡುವ ಕ್ರಮ. ಎಲ್ಲವನ್ನೂ ಕೊನೆಯ ಎರಡು ದಿನಕ್ಕೆ ಇಟ್ಟುಕೊಂಡರೆ ಪರಾತ, ಜರಡಿ, ಎಣ್ಣೆ ಡಬ್ಬ, ಒತ್ತು ಎಲ್ಲ ಒಟ್ಟಿಗೆ ಹೊರಗಿರುತ್ತವೆ. ಕೈ ಇಡಲೂ ಜಾಗ ಇರುವುದಿಲ್ಲ. ಚಕ್ಕಲಿ, ಶಂಕರಪೋಳಿ ಚೆನ್ನಾಗಿ ಆರಿಸಿ ಬಿಗಿಯಾಗಿ ಮುಚ್ಚಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ಅವು ಮೊದಲು. ಕರ್ಚಿಕಾಯಿ ಆಮೇಲೆ. ಅದರ ಹೂರಣಕ್ಕೆ ನಾನು ಒಣಕೊಬ್ಬರಿಯನ್ನೇ ಹಾಕುವುದು, ಹಸಿಕೊಬ್ಬರಿ ಹಾಕಿದರೆ ಬೇಗ ಹಳಸುತ್ತದೆ. ಉಂಡೆ ಕೊನೆಗೆ. ದಿನಕ್ಕೆ ಒಂದೇ ತಿಂಡಿ. ಆ ದಿನದ ಪಾತ್ರೆ ತೊಳೆದು ಒಳಗಿಟ್ಟ ಮೇಲೆಯೇ ಮುಂದಿನದು.

ಇನ್ನು ಡಬ್ಬಿಗಳ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಇದೇ. ದೀಪಾವಳಿಗೆ ಅಕ್ಕಪಕ್ಕದವರಿಂದ ಚೂಡಾ, ಉಂಡೆ ಬರುತ್ತವೆ. ರಂಜಾನ್‌ಗೆ ಎದುರು ಮನೆಯಿಂದ ಶೀರ್‌ಖುರ್ಮಾ ಬರುತ್ತದೆ. ಖಾಲಿ ಡಬ್ಬಿ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಏನಾದರೂ ಮಾಡಿದಾಗ ತುಂಬಿ ಕೊಡೋಣ ಎಂದು ಇಟ್ಟುಕೊಳ್ಳುತ್ತೇವೆ, ಅಲ್ವಾ? ಹಾಗೆ ಇಟ್ಟುಕೊಂಡು ಇಟ್ಟುಕೊಂಡು ಅಡುಗೆ ಕಟ್ಟೆಯ ಕೆಳಗೆ ಬೇರೆಯವರ ಡಬ್ಬಿಗಳದ್ದೇ ಒಂದು ಸಂಸಾರ. ಈಗ ಡಿಸೆಂಬರ್ ಮೊದಲ ವಾರ ಅವನ್ನೆಲ್ಲ ಹೊರಗೆ ತೆಗೆದು ಬೋರಲು ಹಾಕುತ್ತೇನೆ. ಸ್ಟೀಲ್ ಡಬ್ಬಿಗಳ ಮೇಲೆ ಹೆಸರು ಕೆತ್ತಿಸಿರುತ್ತಾರೆ, ಯಾವುದು ಯಾರದ್ದು ಎಂದು ತಿಳಿಯುತ್ತದೆ. ಹೆಸರಿಲ್ಲದ್ದನ್ನು ಅತ್ತೆ ಗುರುತಿಸುತ್ತಾರೆ. "ಇದು ಮೂಲಿ ಮನಿ ಅಕ್ಕಾರದವಾ, ಮುಚ್ಚಳ ನೋಡು" ಎಂದು ಕೂತಲ್ಲಿಂದಲೇ ಹೇಳಿಬಿಡುತ್ತಾರೆ. ಹಬ್ಬದ ತಿಂಡಿ ಅವರವರ ಡಬ್ಬಿಯಲ್ಲೇ ಅವರವರ ಮನೆಗೆ. 24ರ ಸಂಜೆ ಮಕ್ಕಳು ಹಂಚಿ ಬರುವಷ್ಟರಲ್ಲಿ ಕಟ್ಟೆಯ ಕೆಳಗೆ ಪೂರ್ತಿ ಜಾಗ. ಹೊಸ ಪ್ಲಾಸ್ಟಿಕ್ ಡಬ್ಬಿ ಕೊಳ್ಳುವ ಮಾತೇ ಇಲ್ಲ. ಯಾರ ಮನೆಗೆ ಕೊಡಬೇಕು ಎಂದು ಬೇರೆ ಪಟ್ಟಿಯೂ ಬೇಡ.

ಬಂದವರ ಚೀಲಗಳು ಮಂಚದ ಕೆಳಗೆ, ಒಂದೊಂದು ಸಂಸಾರಕ್ಕೆ ಒಂದೊಂದು ಬದಿ. ಬಂದ ಕೂಡಲೇ ಹೇಳಿಬಿಡುತ್ತೇನೆ, ನಮ್ಮವರು ಬೇಜಾರು ಮಾಡಿಕೊಳ್ಳುವುದಿಲ್ಲ. ರಾತ್ರಿ ಪಡಸಾಲೆಯಲ್ಲಿ ಹಾಸಿದ ಜಮಖಾನೆ, ಕೌದಿ, ಚಾದರ ಬೆಳಗಿನ ಚಹಾಕ್ಕೆ ಮೊದಲೇ ಸುತ್ತಿ ಒಳಗೆ ಹೋಗಬೇಕು. ಚಹಾ ಕುಡಿದ ಮೇಲೆ ಸುತ್ತೋಣ ಎಂದರೆ ಮಧ್ಯಾಹ್ನದವರೆಗೂ ಅದು ಅಲ್ಲೇ ಬಿದ್ದಿರುತ್ತದೆ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳು, ಮೂಲೆಯಲ್ಲಿ ಒಂದೇ ಕಡೆ. ಕ್ರಿಸ್‌ಮಸ್ ಗಿಡವೂ ಚಿಕ್ಕದೇ, ಸ್ಟೂಲಿನ ಮೇಲೆ ಕೂರುವಂಥದ್ದು. ನಕ್ಷತ್ರ ಹೊರಗೆ ಬಾಗಿಲ ಮೇಲೆ, ಅದು ಒಳಗಿನ ಜಾಗ ತಿನ್ನುವುದಿಲ್ಲ. ಇಷ್ಟಕ್ಕೇ ಮನೆ ತುಂಬಿದ ಹಾಗೆ ಕಾಣುತ್ತದೆ. ಗೋಡೆಗೆಲ್ಲ ಜರಿ ಕಾಗದ ಹಚ್ಚುವುದು ನನಗೆ ಇಷ್ಟವಿಲ್ಲ. ಡಿಸೆಂಬರ್ ಧೂಳು ಅದರ ಮೇಲೆ ಕೂತು, ತೆಗೆಯುವಾಗ ಬಣ್ಣವೂ ಕಿತ್ತು ಬರುತ್ತದೆ.

ಹೊಸ ಬಟ್ಟೆ ಬಂದ ದಿನವೇ ಹಳೆಯದು ಹೊರಗೆ ಬರಬೇಕು. ಅತ್ತೆಗೆ ಮಾತ್ರ ಸೀರೆ ಬಿಡಲು ಮನಸ್ಸಾಗುವುದಿಲ್ಲ. "ಇರಲಿ ಬಿಡವಾ, ನೂಲು ಗಟ್ಟಿ ಐತಿ" ಎನ್ನುತ್ತಾರೆ. ಅವರ ಮಾತಲ್ಲೂ ನ್ಯಾಯವಿದೆ. ಹಾಗಾಗಿ ಮೆತ್ತಗಾದ ನೂಲಿನ ಸೀರೆ, ಧೋತರ, ಪಂಚೆಗಳ ಗಂಟು ಕೌದಿ ಹೊಲಿಯುವ ಅಕ್ಕನ ಮನೆಗೆ ಹೋಗುತ್ತದೆ. ಕೌದಿಗೆ ನೂಲಿನ ಬಟ್ಟೆಯೇ ಆಗಬೇಕು, ಪಾಲಿಸ್ಟರ್ ಜಾರುತ್ತದೆ, ಬೆಚ್ಚಗೂ ಇರುವುದಿಲ್ಲ. ಅದನ್ನು ಹಳೆ ಬಟ್ಟೆಗೆ ಪಾತ್ರೆ ಕೊಡುವವರಿಗೆ ಕೊಡುತ್ತೇನೆ, ಪಾತ್ರೆಯ ಬದಲು ಚಮಚ ಕೇಳುತ್ತೇನೆ. ಪಾತ್ರೆ ತಂದರೆ ಮತ್ತೆ ಇಡಲು ಜಾಗ ಹುಡುಕಬೇಕು. ಉಡುಗೊರೆಯ ಕಾಗದ, ರಟ್ಟಿನ ಡಬ್ಬ ಅವತ್ತೇ ಮಡಚಿ ಒಣ ಕಸಕ್ಕೆ, ಬೆಳಿಗ್ಗೆ ಪಾಲಿಕೆಯ ಗಾಡಿಗೆ.

ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಸಂಕ್ರಾಂತಿಯೊಳಗೆ ಎಲ್ಲ ಟ್ರಂಕಿಗೆ. ಹಬ್ಬಕ್ಕೆ ಇರುವುದು ಒಂದೇ ತಗಡಿನ ಟ್ರಂಕು, ಅದರಲ್ಲಿ ಹಿಡಿಸದ್ದನ್ನು ಸಂಡೆ ಸ್ಕೂಲ್ ಮಕ್ಕಳ ನಾಟಕಕ್ಕೆ ಕೊಡುತ್ತೇನೆ. ಸೀರಿಯಲ್ ಸೆಟ್ ಹಚ್ಚಿ ನೋಡಿ, ಹತ್ತಿದ್ದನ್ನಷ್ಟೇ ರಟ್ಟಿಗೆ ಸುತ್ತಿ ಇಡುತ್ತೇನೆ. ಗೋದಲಿಯ ಗೊಂಬೆಗಳಿಗೆ ಹಳೆ ಪಂಚೆಯ ತುಂಡು. ಪೇಪರ್ ಸುತ್ತಿದರೆ ಅದರ ಶಾಯಿ ಗೊಂಬೆಯ ಮುಖಕ್ಕೆ ಅಂಟುತ್ತದೆ. ಕಾಗದದ ನಕ್ಷತ್ರ ಮಡಚಿ ಎಲ್ಲಕ್ಕಿಂತ ಮೇಲೆ, ಮುಂದಿನ ಸಲ ಮೊದಲು ಬೇಕಾಗುವುದು ಅದೇ. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿರುತ್ತದೆ: ಏನಿದೆ, ಏನು ಕೊಳ್ಳಬಾರದು. ಸದ್ಯ ಅದರಲ್ಲಿ ದಪ್ಪ ಅಕ್ಷರದಲ್ಲಿರುವುದು, "ಗಂಟೆ, ಚೆಂಡು ಸಾಕಷ್ಟಿವೆ. ದುರ್ಗದಬೈಲ್ ಪೇಟೆಗೆ ಹೋದರೆ ಬಲ್ಬ್ ಹೋಲ್ಡರ್ ಮಾತ್ರ ತರುವುದು."