ಕ್ಯೋಟೋದ ನಿಶಿಕಿ ಮಾರುಕಟ್ಟೆ: ಹೋಗುವ ಮುನ್ನ ತಿಳಿದಿರಬೇಕಾದದ್ದು

ತೆರಾಮಾಚಿ ಮತ್ತು ತಕಕುರಾ ಬೀದಿಗಳ ನಡುವೆ 390 ಮೀಟರ್ ಉದ್ದದ, ಮೇಲೆ ಚಾವಣಿ ಹೊದಿಸಿದ ಒಂದೇ ಓಣಿ ನಿಶಿಕಿ. ಕ್ಯೋಟೋ ನಿಲ್ದಾಣದಿಂದ ಕರಸುಮಾ ಮಾರ್ಗದ ಸುರಂಗ ರೈಲಿನಲ್ಲಿ ಎರಡನೇ ನಿಲ್ದಾಣ ಶಿಜೋ. ಅಲ್ಲಿ ಇಳಿದರೆ ಐದು ನಿಮಿಷದ ನಡಿಗೆ.

ನಸುಕಿನಲ್ಲೇ ಹೋಗಿ ನಿಲ್ಲುವ ಅಗತ್ಯವಿಲ್ಲ. ಹೆಚ್ಚಿನ ಅಂಗಡಿಗಳು 10ರ ಸುಮಾರಿಗೆ ತೆರೆದು ಸಂಜೆ 5-6ಕ್ಕೆ ಬಾಗಿಲು ಹಾಕುತ್ತವೆ. ತೆರೆದ ಕೂಡಲೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಬುಧವಾರ, ಭಾನುವಾರ ರಜೆ ಇರುವ ಅಂಗಡಿಗಳುಂಟು. ಓಣಿಯ ಅಗಲ ಐದು ಮೀಟರ್ ಮೀರದು, ಹಾಗಾಗಿ ಸೂಟ್‌ಕೇಸನ್ನು ನಿಲ್ದಾಣದ ಲಾಕರಿನಲ್ಲೇ ಬಿಟ್ಟು ಬನ್ನಿ.

ಹೊಸಬರು ಎಡವುವುದು ತಿನ್ನುವ ವಿಷಯದಲ್ಲಿ. ನಡೆಯುತ್ತಾ ತಿನ್ನಬೇಡಿ ಎಂದು ಮಾರುಕಟ್ಟೆಯವರೇ ಕೇಳಿಕೊಳ್ಳುತ್ತಾರೆ. ಕಿಕ್ಕಿರಿದ ಜನರ ನಡುವೆ ಕಡ್ಡಿ ಚುಚ್ಚುತ್ತದೆ, ಸಾಸ್ ಪಕ್ಕದವರ ಬಟ್ಟೆಗೆ ತಾಗುತ್ತದೆ. ತಲೆಯೊಳಗೆ ಕ್ವೇಲ್ ಹಕ್ಕಿಯ ಮೊಟ್ಟೆ ತುಂಬಿದ ಪುಟ್ಟ ಆಕ್ಟೋಪಸ್, ‘ತಾಕೊ ತಮಾಗೊ’, ಕಡ್ಡಿಗೆ ಚುಚ್ಚಿ ಕೊಡುತ್ತಾರೆ. ಕೊಂಡ ಅಂಗಡಿಯ ಒಳಗೋ ಮುಂದೋ ನಿಂತು ತಿಂದು ಮುಗಿಸಿ, ಕಡ್ಡಿ, ತಟ್ಟೆ ಅವರಿಗೇ ಹಿಂತಿರುಗಿಸಿ. ಪಕ್ಕದ ಅಂಗಡಿಯ ಮುಂದೆ ನಿಂತು ತಿಂದರೆ ಅವರ ಗಿರಾಕಿಗಳಿಗೆ ಅಡ್ಡವಾಗುತ್ತದೆ.

ಸಸ್ಯಾಹಾರಿಗಳು ‘ದಶಿ’ಯ ಬಗ್ಗೆ ಎಚ್ಚರವಾಗಿರಬೇಕು. ಒಣಗಿಸಿದ ಮೀನಿನ ತುರಿಯಿಂದ ಬಸಿದ ಈ ತಿಳಿಸಾರು, ಬರೀ ತರಕಾರಿ ಎನಿಸುವ ಪದಾರ್ಥದಲ್ಲೂ ಸೇರಿರುತ್ತದೆ. ಕೆಲವು ಉಪ್ಪಿನಕಾಯಿಗಳಲ್ಲೂ ಉಂಟು. ಮೊಟ್ಟೆ ತಿನ್ನುವವರು ಸುರುಳಿ ಆಮ್ಲೆಟ್ ‘ದಶಿಮಾಕಿ’ ಕೊಳ್ಳುವಾಗ ಇದನ್ನು ನೆನಪಿಡಿ. ಅದರ ಮೃದುತ್ವಕ್ಕೆ ಕಾರಣವೇ ಈ ಸಾರು. “ಸಕನಾ ನೊ ದಶಿ ಹಾಯಿತ್ತೆ ಇಮಾಸ್ ಕಾ?” ಎಂದು ಕೇಳಿದರೆ ಮೀನಿನ ಸಾರು ಇದೆಯೇ ಎಂದು ಹೇಳುತ್ತಾರೆ.

ನಮ್ಮ ಮಟ್ಟಿಗೆ ನಿಶಿಕಿಯ ನಿಜವಾದ ಸಿರಿ ಉಪ್ಪಿನಕಾಯಿ. ನೇರಳೆ ಬಣ್ಣದ ‘ಶಿಬಾಜುಕೆ’ ಬದನೆಕಾಯಿ ಮತ್ತು ಕೆಂಪು ಶಿಸೊ ಎಂಬ ಸುವಾಸನೆಯ ಸೊಪ್ಪಿನ ಎಲೆಯದ್ದು. ಟರ್ನಿಪ್ ಗೆಡ್ಡೆಯನ್ನು ತೆಳ್ಳಗೆ ಹೆರೆದು ಮಾಡುವ ‘ಸೆನ್‌ಮೈಜುಕೆ’ ಚಳಿಗಾಲದ್ದು. ಅಕ್ಕಿ ತೌಡಿನಲ್ಲಿ ಹೂತಿಟ್ಟ ತರಕಾರಿ ಕೊಂಡರೆ ತೌಡು ತೊಳೆದು, ತಿನ್ನುವ ಮುಂಚೆಯಷ್ಟೇ ಹೆಚ್ಚಿ. ಹೆಚ್ಚಿನವು ಫ್ರಿಜ್‌ನಲ್ಲೇ ಇರಬೇಕು, ಹಾಗಾಗಿ ಕೊನೆಗೆ ಕೊಳ್ಳಿ.

ಚಿಲ್ಲರೆ ಯೆನ್ ಇಟ್ಟುಕೊಳ್ಳಿ, ಹಣವನ್ನು ಕೈಗೆ ಕೊಡದೆ ಮುಂದಿಟ್ಟ ತಟ್ಟೆಯಲ್ಲಿಡಿ. ಕಟ್ಟಿಸಿಕೊಂಡು ಹೋಗುವ ತಿನಿಸಿಗೆ ತೆರಿಗೆ 8%, ಅಂಗಡಿಯಲ್ಲೇ ಕೂತು ತಿಂದರೆ 10%.

1560ರಲ್ಲಿ ಆರಂಭವಾದ, ಇಲ್ಲಿನ ಚಾಕು ಅಂಗಡಿ ಅರಿತ್ಸುಗುವಿನಲ್ಲಿ ಚಾಕು ಕೊಂಡರೆ ಅಲಗಿನ ಮೇಲೆ ಹೆಸರು ಕೆತ್ತಿಸಿಕೊಳ್ಳಬಹುದು. ಕಾರ್ಬನ್ ಉಕ್ಕಿನದಾದರೆ ಬಳಸಿದ ಕೂಡಲೇ ತೊಳೆದು ಒರೆಸಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ವಿಮಾನದಲ್ಲಿ ಅದನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಚೆಕ್-ಇನ್ ಲಗೇಜಿಗೆ ಹಾಕಿ.