ಕರೆಂಟ್ ಹೋದ್ರೂ ಮೈತ್ರಿ ಸರ್ಕಾರದ ಲೆಕ್ಕ ಹಾಕೋದು ಹೆಂಗೆ

2024ರ ಜೂನ್ 4, ಕೌಂಟಿಂಗ್ ದಿನ, ತೀರ್ಥಹಳ್ಳಿ ಕಡೆ ನಮ್ಮೂರಲ್ಲಿ ಕರೆಂಟ್ ಹೋಯ್ತು, ಹಿಂದೇನೇ ನೆಟ್‌ವರ್ಕೂ ಹೋಯ್ತು. ಟಿವಿಯವರ ಕೂಗಾಟ ತಪ್ಪಿದ್ದು ಒಳ್ಳೇದೇ ಆಯ್ತು ಅನ್ನಿ. ಅಡಿಕೆ ಮಂಡಿ ಕ್ಯಾಲೆಂಡರಿನ ಹಳೇ ಹಾಳೆ ಹರ್ಕಂಡು ಹಿಂಬದೀಲಿ ಲೆಕ್ಕ ಹಾಕ್ತಾ ಕೂತೆ, ನೀವೂ ಹಿಂಗೇ ಮಾಡಿ.

ಮೊದ್ಲು ಮೇಲ್ಗಡೆ 272 ಅಂತ ಬರೆದು ಗೆರೆ ಎಳೀರಿ, ಲೋಕಸಭೆ ಸೀಟು 543, ಅದರ ಅರ್ಧ ದಾಟ್ಬೇಕಲ್ಲ. (ವಿಧಾನಸಭೆ ಆದ್ರೆ 224ಕ್ಕೆ 113.) 1984ರಲ್ಲಿ ಕಾಂಗ್ರೆಸ್ ಒಂದೇ 400 ದಾಟಿತ್ತು, 1989ಕ್ಕೆ 197ಕ್ಕೆ ಇಳೀತು, ಅಲ್ಲಿಂದ 2014ರ ತನಕ ಯಾರೊಬ್ರೂ ಒಂಟಿಯಾಗಿ ಈ ಗೆರೆ ಮುಟ್ಟಲಿಲ್ಲ. ಒಂದೊಂದು ರಾಜ್ಯದಲ್ಲಿ ಒಂದೊಂದು ಪಕ್ಷ ಗಟ್ಟಿಯಾಯ್ತು ನೋಡಿ, ಹತ್ತು-ಹದಿನೈದು ಸೀಟು ಇಟ್ಕಂಡವ್ರಿಗೂ ದಿಲ್ಲೀಲಿ ಮರ್ಯಾದೆ ಬಂತು.

ಈಗ ಮುಖ್ಯವಾದ್ದು, ಕೂಡೋದು ಎಲ್ರಿಗೂ ಬರುತ್ತೆ, ನೀವು ಕಳೀರಿ. ಆ 2024ರ ಫಲಿತಾಂಶದಲ್ಲಿ ಬಿಜೆಪಿ ಮುಂದಾಳತ್ವದ ಮೈತ್ರಿಕೂಟ ಎನ್‌ಡಿಎ 293, ಅದ್ರಲ್ಲಿ ಬಿಜೆಪಿ 240. ಆಂಧ್ರದ ಟಿಡಿಪಿಯ 16 ತೆಗೀರಿ, 277, ಸರ್ಕಾರ ಬೀಳಲ್ಲ. ಅದನ್ನ ವಾಪಸ್ ಸೇರಿಸಿ ಬಿಹಾರದ ಜೆಡಿಯುನ 12 ತೆಗೀರಿ, 281, ಆಗ್ಲೂ ಬೀಳಲ್ಲ. ಎರಡೂ ತೆಗೀರಿ, 265! ಅಂದ್ರೆ ಒಬ್ರೇ ಮುನಿಸ್ಕಂಡ್ರೆ ಏನೂ ಆಗಲ್ಲ, ಇಬ್ರೂ ಒಟ್ಟಿಗೆ ಎದ್ರೆ ಮಾತ್ರ ಕಷ್ಟ. ಆ ಇಬ್ರ ಹೆಸ್ರಿಗೆ ಸುತ್ತು ಹಾಕಿ.

ಆಮೇಲೆ ಮಂತ್ರಿ ಸ್ಥಾನ ತಗಂಡವ್ರು ಯಾರು, ಹೊರಗಿನಿಂದ ಬೆಂಬಲ ಕೊಟ್ಟವ್ರು ಯಾರು ಅಂತ ಬೇರೆ ಬೇರೆ ಬರ್ಕಳಿ. ಹೊರಗಿನ ಬೆಂಬಲ ಅಂದ್ರೆ ನಮ್ಮ ಕಡೆ ಮುಯ್ಯಾಳು ಇದ್ದಂಗೆ ಮಾರಾಯ್ರೆ, ಕೂಲಿ ಕೇಳಲ್ಲ ನಿಜ, ಆದ್ರೆ ಅವ್ರ ಗದ್ದೆಗೆ ಕರೆದಾಗ ನೀವು ಹೋಗ್ಲೇಬೇಕು, ಹೋಗದಿದ್ರೆ ಮುಂದಿನ್ಸಲ ನಿಮ್ಮ ನೆಟ್ಟಿಗೆ ಯಾರೂ ಬರಲ್ಲ. ದೇವೇಗೌಡ್ರು 1996ರಲ್ಲಿ ಪ್ರಧಾನಿ ಆದಾಗ ಕಾಂಗ್ರೆಸ್ ಹಿಂಗೇ ಹೊರಗೆ ನಿಂತಿತ್ತು, 11 ತಿಂಗಳು ತುಂಬೋ ಮೊದ್ಲೇ ಕುರ್ಚಿ ಹೋಯ್ತು.

ಕುರ್ಚಿ ಹಂಚ್ಕೊಳೋ ಒಪ್ಪಂದ ಇದ್ರೆ ಎರಡನೇ ಸರದಿ ಯಾರ್ದು ಅಂತ ನೋಡಿ, ಅವ್ರಿಗೇ ಕಷ್ಟ. ಶಿಕಾರಿಪುರದವ್ರಿಗೆ ಇದನ್ನ ಹೇಳ್ಕೊಡೋದೇ ಬೇಡ, ಜೆಡಿಎಸ್-ಬಿಜೆಪಿ ನಡುವೆ 20-20 ತಿಂಗಳ ಮಾತಾಗಿ 2007ರ ನವೆಂಬರಲ್ಲಿ ಯಡಿಯೂರಪ್ಪನವ್ರಿಗೆ ಸಿಕ್ಕಿದ್ದು ಒಂದು ವಾರ.

ಇನ್ನೊಂದು ಮರೀಬೇಡಿ, ವಿಶ್ವಾಸಮತದ ದಿನ 272ನ್ನೇ ಹಿಡ್ಕಂಡು ಕೂರಬೇಡಿ, ಅವತ್ತು ಹಾಜರಿದ್ದು ವೋಟ್ ಹಾಕಿದವ್ರಷ್ಟೇ ಲೆಕ್ಕ. 1999ರ ಏಪ್ರಿಲಲ್ಲಿ ವಾಜಪೇಯಿ ಸರ್ಕಾರ 269-270ರಲ್ಲಿ ಬಿತ್ತು, ಒಂದೇ ವೋಟು. 2019ರ ಜುಲೈನಲ್ಲಿ ಬೆಂಗಳೂರಲ್ಲಿ ಕುಮಾರಸ್ವಾಮಿ ಸರ್ಕಾರ 99-105, ಕೂಡಿ ನೋಡಿ, 204 ಜನ ಅಷ್ಟೇ, ಉಳಿದವ್ರಲ್ಲಿ ಹೆಚ್ಚಿನವ್ರು ಸದನದ ಒಳಗೇ ಇರ್ಲಿಲ್ಲ. ಅದ್ಕೇ ಪೆನ್ನು ಬೇಡ, ಪೆನ್ಸಿಲಲ್ಲಿ ಬರೀರಿ, ಹಾಳೆ ಎಸೀಬೇಡಿ, ಒಬ್ರು ರಾಜೀನಾಮೆ ಕೊಟ್ರು ಅಂದ ತಕ್ಷಣ ಅಳಿಸಿ ತಿದ್ಬೇಕಾಗುತ್ತೆ.