ಕಾಗದದ ರಾಖಿ: ಮೊದಲು ಬೆನ್ನು, ಆಮೇಲೆ ಹೂವು

ಕ್ವಿಲ್ಲಿಂಗ್ ರಾಖಿ, ಅಂದರೆ ಕಾಗದದ ಸಣ್ಣ ಪಟ್ಟಿಗಳನ್ನು ಸುರುಳಿ ಸುತ್ತಿ ಮಾಡುವ ರಾಖಿ, ಕೈಕೊಡುವುದು ಹೂವಿನಲ್ಲಲ್ಲ, ಹಿಂಭಾಗದಲ್ಲಿ. ಹೂವನ್ನು ಹೊರುವ ದುಂಡು ಬಿಲ್ಲೆಯ ಹಿಂದೆ ರಿಬ್ಬನ್ನನ್ನು ಬರೀ ಅಂಟಿನಿಂದ ಹಚ್ಚಿದ್ದರೆ, ತಂಗಿ ಗಂಟು ಬಿಗಿಯಲು ಎಳೆದಾಗಲೇ ಅದು ಕಿತ್ತು ಬರುತ್ತದೆ. ಅದಕ್ಕೇ ನಾನು ಮೊದಲು ಬೆನ್ನನ್ನು ಮುಗಿಸಿ, ಒಣಗಲು ಇಟ್ಟು, ಆಮೇಲೆ ಪಟ್ಟಿ ಸುತ್ತಲು ಕೂರುತ್ತೇನೆ.

ಬೆನ್ನಿಗೆ 250ರಿಂದ 300 ಜಿಎಸ್‌ಎಂ ತೂಕದ (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ) ಕಾರ್ಡ್ ಶೀಟ್ ಬೇಕು. ಹಳೆಯ ಮದುವೆ ಕರೆಯೋಲೆಯ ದಪ್ಪ ಕಾಗದವೂ ಆಗುತ್ತದೆ. 3 ಸೆಂ.ಮೀ. ಅಗಲದ ಎರಡು ದುಂಡು ಬಿಲ್ಲೆ ಕತ್ತರಿಸುತ್ತೇನೆ. ಒಂದರಲ್ಲಿ ಬ್ಲೇಡಿನಿಂದ ಅಕ್ಕಪಕ್ಕ ಎರಡು ಸೀಳು, ನಡುವೆ 1.5 ಸೆಂ.ಮೀ. ಜಾಗ. ರಿಬ್ಬನ್ 1 ಸೆಂ.ಮೀ. ಅಗಲವಿದ್ದರೆ ಸೀಳು 1.1 ಸೆಂ.ಮೀ. ಇರಲಿ, ಅದಕ್ಕಿಂತ ಚಿಕ್ಕದಾದರೆ ರಿಬ್ಬನ್ ಮುದುಡಿ ಗಂಟಾಗಿ ಕೂರುತ್ತದೆ. ರಿಬ್ಬನ್ನನ್ನು ಕೆಳಗಿನಿಂದ ಒಂದು ಸೀಳಿನಲ್ಲಿ ಮೇಲೆ ತಂದು, ಇನ್ನೊಂದರಲ್ಲಿ ಕೆಳಗಿಳಿಸಿ, ಎರಡೂ ತುದಿ ಸಮ ಮಾಡಿ, ಮೇಲೆ ಎರಡನೇ ಬಿಲ್ಲೆ ಅಂಟಿಸುತ್ತೇನೆ. ಈಗ ಎಳೆತ ಬೀಳುವುದು ಸೀಳಿನ ಅಂಚಿನ ಮೇಲೆ, ಅಂಟಿನ ಮೇಲಲ್ಲ. ದೊಡ್ಡವರ ಕೈಗೆ ಒಟ್ಟು 50 ಸೆಂ.ಮೀ. ರಿಬ್ಬನ್ ಸಾಕು. ಸ್ಯಾಟಿನ್ ನೋಡಲು ಚೆಂದ, ಆದರೆ ಗಂಟು ಜಾರುತ್ತದೆ. ನನ್ನ ಆಯ್ಕೆ ತೆಳ್ಳನೆಯ ಹತ್ತಿಯ ಲಾಡಿ.

ಫೆವಿಕಾಲ್‌ನಲ್ಲಿ ನೀರಿನಂಶ ಇರುವುದರಿಂದ ಅಂಟು ಹಚ್ಚಿದ ಬಿಲ್ಲೆ ಒಣಗುತ್ತಾ ದೋಣಿಯಂತೆ ಬಾಗುತ್ತದೆ. ದಪ್ಪ ಪುಸ್ತಕದಡಿ ಒಂದು ರಾತ್ರಿ ಇಟ್ಟರೆ ನೆಟ್ಟಗಿರುತ್ತದೆ. ನೂಲ ಹುಣ್ಣಿಮೆ ಬರುವುದೇ ಶ್ರಾವಣದ ಮಳೆಯಲ್ಲಿ. ಬೇಸಿಗೆಯಲ್ಲಿ ಅರ್ಧ ಗಂಟೆಗೆ ಒಣಗುವ ಅಂಟು ಆಗ ಎರಡು ಗಂಟೆಯಾದರೂ ಹಸಿಯಾಗಿಯೇ ಇರುತ್ತದೆ. ಹಬ್ಬದ ಹಿಂದಿನ ರಾತ್ರಿ ಶುರು ಮಾಡಬೇಡಿ, ಮೂರು ದಿನ ಮೊದಲೇ ಕೂತುಕೊಳ್ಳಿ.

ಹೂವಿಗೆ 3 ಮಿ.ಮೀ. ಅಗಲದ ಪಟ್ಟಿಗಳು. 5 ಮಿ.ಮೀ. ಪಟ್ಟಿ ಸುತ್ತಲು ಸುಲಭ, ಆದರೆ ಮಣಿಕಟ್ಟಿನ ಮೇಲೆ ಎತ್ತರವಾಗಿ ನಿಂತು ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತದೆ. ನಡುವಿನ ಬೊಟ್ಟಿಗೆ 80 ಸೆಂ.ಮೀ. ಹಳದಿ ಪಟ್ಟಿ. ಒಂದೇ ಪಟ್ಟಿ ಅಷ್ಟುದ್ದ ಇರುವುದಿಲ್ಲ. ಮೊದಲನೆಯದು ಮುಗಿದಲ್ಲಿಗೇ ಮುಂದಿನದರ ತುದಿ ತಾಗಿಸಿ ಸುತ್ತಿ. ಒಂದರ ಮೇಲೊಂದು ಹೇರಿದರೆ ಅಲ್ಲಿ ಉಬ್ಬು ಕಾಣುತ್ತದೆ. 120 ಜಿಎಸ್‌ಎಂ ಕಾಗದದಲ್ಲಿ ಬಿಗಿಯಾಗಿ ಸುತ್ತಿದರೆ ಸುಮಾರು 12 ಮಿ.ಮೀ. ಬಿಲ್ಲೆಯಾಗುತ್ತದೆ. ಅದನ್ನು ಗೋಲಿಯ ಮೇಲಿಟ್ಟು ಮೆಲ್ಲಗೆ ಒತ್ತಿದರೆ ಸುತ್ತುಗಳು ಒಂದೊಂದಾಗಿ ಜಾರಿ ಪುಟ್ಟ ಗುಮ್ಮಟ ಏಳುತ್ತದೆ. ಒಳಗಡೆ ಬೆರಳಿನಿಂದ ತೆಳ್ಳಗೆ ಅಂಟು ಸವರಿ. ಇದನ್ನು ಮರೆತರೆ ಯಾರದಾದರೂ ಬೆರಳು ತಾಗಿದ ಕೂಡಲೇ ಗುಮ್ಮಟ ಒಳಕ್ಕೆ ಕುಸಿಯುತ್ತದೆ.

ಎಸಳು ಎಂಟು, ಒಂದೊಂದಕ್ಕೆ 25 ಸೆಂ.ಮೀ. ಪಟ್ಟಿ. ಸುತ್ತಿದ ಸುರುಳಿಯನ್ನು ದುಂಡು ತೂತುಗಳಿರುವ ಅಳತೆಪಟ್ಟಿಯ 12 ಮಿ.ಮೀ. ತೂತಿನಲ್ಲಿ ಬಿಟ್ಟು ಅಲ್ಲಿಗೇ ಬಿಚ್ಚಿಕೊಳ್ಳಲು ಬಿಡುತ್ತೇನೆ. ಕಣ್ಣಳತೆಯಲ್ಲಿ ಬಿಟ್ಟರೆ ಎಂಟೂ ಎಂಟು ಗಾತ್ರವಾಗಿ ಹೂವು ವಾರೆಯಾಗುತ್ತದೆ. ತುದಿಯನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿಯಬೇಕು. ಹರಿದ ಅಂಚು ತೆಳುವಾದ್ದರಿಂದ ಅಂಟಿಸಿದ ಜಾಗ ಕಾಣುವುದಿಲ್ಲ. ಟೂತ್‌ಪಿಕ್ಕಿನ ಮೊನೆಯಲ್ಲಿ ನಿಲ್ಲುವಷ್ಟೇ ಅಂಟು ಸಾಕು. ಹೆಚ್ಚಾದದ್ದು ಪಕ್ಕದ ಸುತ್ತುಗಳಿಗೆ ಇಳಿದು, ಒಣಗಿದ ಮೇಲೆ ಹೊಳೆಯುವ ಕಲೆಯಾಗಿ ಉಳಿಯುತ್ತದೆ. ಆಮೇಲೆ ಒಂದು ಕಡೆ ಚಿವುಟಿ ಹನಿಯ ಆಕಾರ ಮಾಡಿ. ಅಂಟಿಸಿದ ತುದಿ ಚಿವುಟಿದ ಮೊನೆಗೇ ಬರಲಿ, ಗುಮ್ಮಟದ ಪಕ್ಕದಲ್ಲಿ ಅದು ಮರೆಯಾಗುತ್ತದೆ.

ಜೋಡಿಸುವಾಗ ವರಸೆಯಾಗಿ ಹೋಗಬಾರದು, ಕೊನೆಯ ಎಸಳಿಗೆ ಜಾಗ ಸಾಲದು. ಗುಮ್ಮಟವನ್ನು ನಡುವೆ ಕೂರಿಸಿ, ನಾಲ್ಕು ದಿಕ್ಕಿಗೆ ನಾಲ್ಕು ಎಸಳು ಇಟ್ಟು, ಮೂಲೆಗಳಿಗೆ ಉಳಿದ ನಾಲ್ಕು. ಹೊರಗಡೆ ಎಸಳುಗಳ ನಡುವಿನ ಸಂದಿಗೆ 10 ಸೆಂ.ಮೀ. ಪಟ್ಟಿಯ ಬಿಗಿ ಸುರುಳಿ ಒಂದೊಂದು. ಇವು ಬರೀ ಅಲಂಕಾರಕ್ಕಲ್ಲ. ಎಸಳುಗಳು ಬಿಲ್ಲೆಯಿಂದ ಅರ್ಧ ಸೆಂ.ಮೀ.ಗಿಂತ ಹೆಚ್ಚು ಹೊರಚಾಚುವುದರಿಂದ ಅವನ್ನು ಒಂದಕ್ಕೊಂದು ಹಿಡಿದು ನಿಲ್ಲಿಸುವುದೇ ಈ ಸುರುಳಿಗಳು. ಬಿಲ್ಲೆಯನ್ನೇ ದೊಡ್ಡದು ಮಾಡಿದರಾಗದೇ ಎಂದರೆ, ದೊಡ್ಡ ಗಟ್ಟಿ ಬಿಲ್ಲೆ ಮಣಿಕಟ್ಟಿನ ಬಾಗಿಗೆ ಒಗ್ಗದೆ ಎರಡೂ ಕಡೆ ಎದ್ದು ನಿಲ್ಲುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ರಾಖಿ ಕಟ್ಟುವ ಬೆರಳಲ್ಲಿ ಕುಂಕುಮವಿರುತ್ತದೆ, ಆರತಿ ತಟ್ಟೆಯಲ್ಲಿ ನೀರಿರುತ್ತದೆ. ಬಿಳಿ ಎಸಳು ಬೇಡ. ಕೆಂಪು, ನೇರಳೆ ಕಾಗದವನ್ನು ಒದ್ದೆ ಹತ್ತಿಯಿಂದ ಒರೆಸಿ ನೋಡಿ. ಬಣ್ಣ ಬಿಟ್ಟರೆ ಅದು ಅಂಗಿಯ ತೋಳಿಗೂ ಹತ್ತುತ್ತದೆ. ಪೂರ್ತಿ ಒಣಗಿದ ಮೇಲೆ ಬಣ್ಣವಿಲ್ಲದ ವಾರ್ನಿಷನ್ನು ತೆಳ್ಳಗೆ ಎರಡು ಸಲ ಹಚ್ಚುತ್ತೇನೆ, ನಡುವೆ ಕನಿಷ್ಠ ಮೂರು ಗಂಟೆ ಬಿಟ್ಟು. ಒಂದೇ ಸಲ ದಪ್ಪಗೆ ಬಳಿದರೆ ಸುರುಳಿಗಳು ನೆನೆದು ಸಡಿಲಾಗುತ್ತವೆ.

ಊರಿಗೆ ಅಂಚೆಯಲ್ಲಿ ಕಳಿಸುವುದಾದರೆ ಬರೀ ಲಕೋಟೆ ಬೇಡ; ಮುದ್ರೆ ಒತ್ತುವ ಏಟಿಗೆ ಗುಮ್ಮಟ ಚಪ್ಪಟೆ. ರಟ್ಟಿನ ಚಿಕ್ಕ ಡಬ್ಬಿಯಲ್ಲಿ ಕೆಳಗೆ ಹತ್ತಿ ಹಾಸಿ, ಹೂವಿನ ಮೇಲೆ ಅರ್ಧ ಸೆಂ.ಮೀ. ಖಾಲಿ ಜಾಗ ಬಿಟ್ಟು, ರಿಬ್ಬನ್ನನ್ನು ಮಡಚದೆ ಸುತ್ತಿ ಇಡಿ.